ಟೊಮೆಟೊ ಎಲೆಯ ಚುಕ್ಕೆಗೆ ಔಷಧಿ ಹುಡುಕುವ ಮೊದಲು

ಟೊಮೆಟೊ ಗಿಡದ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ, ಪಕ್ಕದ ಮೆಣಸಿನಕಾಯಿ ಗಿಡದಲ್ಲಿ ಎಲೆ ಮುದುಡುತ್ತಿದೆ, ಎರಡಕ್ಕೂ ಸೇರಿ ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ಎರಡಕ್ಕೂ ಒಂದೇ ಔಷಧಿ ಇಲ್ಲ. ಎರಡೂ ಬೇರೆ ಬೇರೆ ತೊಂದರೆ.

ಮೊದಲು ಟೊಮೆಟೊ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಚುಕ್ಕೆಯಲ್ಲಿ ಒಂದರೊಳಗೊಂದು ಉಂಗುರ ಕಾಣಿಸಿ, ಸುತ್ತ ಹಳದಿಯಾಗಿದ್ದರೆ ಅದು ಬಹುತೇಕ ಅಂಗಮಾರಿ, ಅಂದರೆ ಶಿಲೀಂಧ್ರ ರೋಗ. ಇದು ಸಾಮಾನ್ಯವಾಗಿ ಕೆಳಗಿನ ಹಳೆ ಎಲೆಗಳಿಂದ ಶುರುವಾಗುತ್ತದೆ, ಯಾಕಂದ್ರೆ ರೋಗ ಮಣ್ಣಿನಲ್ಲಿ ಬಿದ್ದಿರುವ ಹಳೆ ಗಿಡದ ಕಸದಲ್ಲಿ ಉಳಿದಿರುತ್ತದೆ, ನೀರು ಜೋರಾಗಿ ಬಿದ್ದಾಗ ಮಣ್ಣಿನ ಜೊತೆ ಎಲೆಗೆ ಸಿಡಿಯುತ್ತದೆ, ಆಮೇಲೆ ಎಲೆ ಕೆಲವು ಗಂಟೆ ಒದ್ದೆಯಾಗಿದ್ದರೆ ಸಾಕು, ಒಳಗೆ ಇಳಿದುಬಿಡುತ್ತದೆ. ನೀವು ಸಂಜೆ ಪೈಪ್ ಹಿಡಿದು ಗಿಡದ ಮೇಲಿಂದ ನೀರು ಹಾಕ್ತೀನಿ ಅಂದಿದ್ದೀರಿ. ಅದನ್ನು ಇವತ್ತೇ ನಿಲ್ಲಿಸಿ. ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿ.

ಚುಕ್ಕೆ ಬಂದ ಎಲೆಗಳನ್ನು ಗಿಡದ ಮೇಲೆ ನೀರಿನ ಒದ್ದೆ ಇಲ್ಲದಾಗ ಕತ್ತರಿಸಿ ತೋಟದಿಂದ ಆಚೆ ಹಾಕಿ, ಬುಡದಲ್ಲೇ ಬಿಡಬೇಡಿ. ನೆಲಕ್ಕೆ ತಾಗುವ ಎಲೆಗಳನ್ನೂ ತೆಗೆಯಿರಿ. ಬುಡಕ್ಕೆ ಒಣ ಹುಲ್ಲೋ ತರಗೆಲೆಯೋ ಹೊದಿಸಿ, ಮಣ್ಣು ಸಿಡಿಯೋದು ನಿಲ್ಲುತ್ತದೆ. ಇಷ್ಟು ಮಾಡಿದ ಮೇಲೂ ಹರಡುತ್ತಿದ್ದರೆ ತಾಮ್ರದ ಶಿಲೀಂಧ್ರನಾಶಕವನ್ನು ಪೊಟ್ಟಣದ ಮೇಲಿರುವ ಅಳತೆಯಲ್ಲೇ ಹೊಡೆಯಿರಿ. ಒಂದು ಮಾತು ನೆನಪಿರಲಿ, ಅದು ಚೆನ್ನಾಗಿರುವ ಎಲೆಯನ್ನು ಕಾಪಾಡುತ್ತದೆ ಅಷ್ಟೇ, ಆಗಲೇ ಬಿದ್ದ ಚುಕ್ಕೆ ವಾಸಿಯಾಗಲ್ಲ. ಇದು ಗೊತ್ತಿಲ್ಲದೆ ಜನ ಸುಮ್ನೆ ಮತ್ತೆ ಮತ್ತೆ ಹೊಡೆಯೋದು ನೋಡಿದರೆ ಬೇಜಾರಾಗುತ್ತದೆ.

ಇನ್ನು ಮೆಣಸು. ಎಲೆ ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಹೆಚ್ಚಾಗಿ ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಎಲೆ ತಿರುಗಿಸಿ ಹಿಂಬದಿ ನೋಡಿ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸೋಪು, ಬಿಸಿಲು ಇಳಿದ ಮೇಲೆ ಹಿಂಬದಿಗೆ ಬೀಳುವ ಹಾಗೆ ಸಿಂಪಡಿಸಿ. ಆದರೆ ಎಲೆ ತೀರಾ ಚಿಕ್ಕದಾಗಿ, ಗೊಂಚಲಾಗಿ, ಗಿಡ ಬೆಳೆಯೋದೇ ನಿಂತಿದ್ದರೆ ಅದು ಬಿಳಿ ನೊಣ ಹರಡುವ ನಂಜು (ವೈರಸ್) ರೋಗ ಇರಬಹುದು. ಅದಕ್ಕೆ ಮದ್ದಿಲ್ಲ. ಮನಸ್ಸು ಗಟ್ಟಿ ಮಾಡಿ ಗಿಡ ಕಿತ್ತುಬಿಡಿ, ಇಲ್ಲದಿದ್ದರೆ ಪಕ್ಕದವೂ ಹೋಗುತ್ತವೆ.

ನಿಮ್ಮ ಪ್ರಶ್ನೆಯ ಕೆಳಗೆ ಇನ್ನೊಬ್ಬರು ಹಸಿರಾಗಿದ್ದ ಬದನೆ ದಿಢೀರನೆ ಬಾಡಿತು ಅಂತ ಬರೆದಿದ್ದಾರೆ. ಬುಡದ ಹತ್ತಿರ ಕಾಂಡ ಕತ್ತರಿಸಿ, ಕಡಿದ ತುದಿಯನ್ನು ಗಾಜಿನ ಲೋಟದ ನೀರಿನಲ್ಲಿ ಅಲುಗಾಡದ ಹಾಗೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಬೇರುಸಮೇತ ತೆಗೆಯಿರಿ, ಆ ಜಾಗದಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ, ನಾಲ್ಕೂ ಒಂದೇ ಕುಟುಂಬದವು. ಜೋಳ ಹಾಕಬಹುದು.

ಮೆಣಸಿನ ಎಲೆಯ ಎರಡೂ ಬದಿಯ ಫೋಟೋ ಹಾಕಿ, ನೋಡಿ ಹೇಳ್ತೀನಿ.