ಮೊದಲು ಆಡಳಿತ, ಆಮೇಲೆ ಒಡೆತನ

"ಸಾರ್ವಭೌಮತ್ವ ಬಿಡದೆ ಆಡಳಿತ ಮಾತ್ರ ಮುಂಚೆಯೇ ಕೊಡೋಕಾಗುತ್ತಾ?" ಅಂತ ಕೇಳಿದ್ದೀರಿ. ಆಗುತ್ತೆ ಸರ್, ದೂರ ಹೋಗೋದೇ ಬೇಡ, ಫ್ರೆಂಚರ ವಸಾಹತಾಗಿದ್ದ ಪುದುಚೇರಿ ನೋಡಿ. 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಚುನಾಯಿತ ಪ್ರತಿನಿಧಿಗಳು ಮತ ಹಾಕಿದರು. 178ರಲ್ಲಿ 170 ಮತ ಭಾರತದ ಪರ. ನವೆಂಬರ್ 1ಕ್ಕೆ ಆಡಳಿತ ನಮ್ಮ ಕೈಗೆ ಬಂತು. ಆದರೆ ಕಾನೂನಿನ ಲೆಕ್ಕದಲ್ಲಿ ನೆಲ ಇನ್ನೂ ಫ್ರಾನ್ಸಿನದೇ! ಹಾಲುಕ್ಕಿಸಿ ಮನೆ ಸೇರಿಯಾಯ್ತು, ಕ್ರಯಪತ್ರ ಮಾತ್ರ ನೋಂದಣಿ ಆಗಿಲ್ಲ ಅನ್ನೋ ಹಾಗೆ. ಒಡೆತನ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರ ಮೇ 28ಕ್ಕೆ. ಫ್ರೆಂಚ್ ಸಂಸತ್ತು ಅದನ್ನು ಅನುಮೋದಿಸಿದ್ದು ಫ್ರಾನ್ಸ್ ತನ್ನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾವನ್ನು ಕೈಬಿಟ್ಟ ಮೇಲೆಯೇ. ಹಾಗಾಗಿ ಪೂರ್ತಿ ಹಸ್ತಾಂತರ 1962ರ ಆಗಸ್ಟ್ 16ಕ್ಕೆ, ಹತ್ತಿರಹತ್ತಿರ ಎಂಟು ವರ್ಷ ತಡವಾಗಿ. ಬಂಗಾಳದಲ್ಲಿದ್ದ ಫ್ರೆಂಚ್ ವಸಾಹತು ಚಂದ್ರನಗರದ್ದೂ ಇದೇ ದಾರಿ, ಆದರೆ ಅಲ್ಲಿ ಎರಡೇ ವರ್ಷದಲ್ಲಿ ಮುಗೀತು: ಆಡಳಿತ 1950ರಲ್ಲಿ, ಒಡೆತನ 1952ರಲ್ಲಿ.