ಪ್ರಾರ್ಥನೆಗೆ ಬಾಯಿ ಬಾರದ ದಿನಗಳು

ತಾಯಿ ತೀರಿಕೊಂಡು ಮೂರು ತಿಂಗಳಾಯಿತು, ಪ್ರಾರ್ಥನೆಗೆ ಕುಳಿತರೆ ಸಿಟ್ಟೇ ಬರುತ್ತದೆ, ಅಳಬಾರದು ಎಂದು ಚರ್ಚಿನ ಸಭೆಯವರು ಹೇಳುತ್ತಾರೆ, ನನ್ನ ನಂಬಿಕೆ ಸತ್ತುಹೋಯಿತೇ ಎಂದು ಕೇಳಿದ್ದೀರಿ. ಇಲ್ಲ, ಸತ್ತಿಲ್ಲ. ದೇವರೇ ಇಲ್ಲವೆಂದು ಅನ್ನಿಸಿದ್ದರೆ ನೀವು ಯಾರ ಮೇಲೆ ಸಿಟ್ಟಾಗುತ್ತಿದ್ದಿರಿ?

ನಾನು ಧಾರವಾಡದವಳು. ಆರು ವರ್ಷಗಳ ಹಿಂದೆ ನನ್ನ ತಮ್ಮ ಹೃದಯಾಘಾತದಿಂದ ತೀರಿಕೊಂಡ. ಅವನಿಗೆ 41 ವರ್ಷ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದವನು ಮಧ್ಯಾಹ್ನಕ್ಕೆ ಇರಲಿಲ್ಲ. ಮನೆ ತುಂಬ ಜನ, ಎಲ್ಲರ ಬಾಯಲ್ಲೂ ‘ದೇವರ ಚಿತ್ತ’. ದುಃಖಿಸಬಾರದು ಎಂದು ಮೊದಲ ಸಭೆಗಳಿಗೆ ಪತ್ರ ಬರೆದ ಪೌಲನೇ ಹೇಳಿದ್ದಾನೆ ಎಂದರು. ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರದ 4ನೆಯ ಅಧ್ಯಾಯವನ್ನು ನೀವೇ ತೆಗೆದು ಓದಿ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದಿದ್ದಾನೆ ಪೌಲ, ದುಃಖಿಸಲೇಬೇಡಿ ಎಂದಿಲ್ಲ. ಅರ್ಧ ಮಾತು ನುಂಗಿ ಹೇಳಿದ ಆ ಸಮಾಧಾನ ನನ್ನನ್ನು ಇನ್ನಷ್ಟು ಒಂಟಿಯಾಗಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದವಳು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬರುವ ಬೇಥಾನ್ಯ ಊರಿನ ಮಾರ್ಥ. ಅವಳ ಸಹೋದರ ಲಾಜರನು ಸಮಾಧಿ ಸೇರಿ ನಾಲ್ಕು ದಿನ ಕಳೆದ ಮೇಲೆ ಬಂದ ಯೇಸುವಿಗೆ, ನೀನು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದುಬಿಟ್ಟಳು. ಅವಳ ಒಡಹುಟ್ಟಿದ ಮರಿಯಳೂ ಅದನ್ನೇ ಅಂದಳು. ಯೇಸು ಗದರಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುವೆನೆಂದು ಗೊತ್ತಿದ್ದೂ ಅತ್ತನು. ಯೋಹಾನನ ಸುವಾರ್ತೆಯಲ್ಲಿ ಆ ಅಳು ಒಂದು ಪುಟ್ಟ ವಚನ, 11ನೆಯ ಅಧ್ಯಾಯದ 35ನೆಯದು. ಜೀವ ಕೊಡಬಲ್ಲವನೇ ಅತ್ತನೆಂದ ಮೇಲೆ ನಾನೇಕೆ ಕಣ್ಣೊರೆಸಿಕೊಂಡು ಗಟ್ಟಿಯಾಗಿರುವಂತೆ ನಟಿಸಬೇಕು?

ಸತ್ಯವೇದದ ಕೀರ್ತನೆಗಳನ್ನು ಓದುವಾಗ ಸಮಾಧಾನ ಹೇಳುವ 23ನೆಯದಕ್ಕೇ ನಿಲ್ಲಬೇಡಿ. 150ರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಅಳಲು, ದೂರು. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತುತಿಯೂ ಇಲ್ಲ. ಆದರೂ ಅದು ಸತ್ಯವೇದದಲ್ಲಿ ಇದೆ. ಆ ವರ್ಷವೆಲ್ಲ ಅದೇ ನನ್ನ ರಾತ್ರಿಯ ಪ್ರಾರ್ಥನೆಯಾಗಿತ್ತು. ನನ್ನ ಸಿಟ್ಟಿಗೆ ಬೇಕಾದ ಮಾತುಗಳನ್ನು ಯಾರೋ ನನಗಿಂತ ಮೊದಲೇ ಅಲ್ಲಿ ಆಡಿ ಇಟ್ಟಿದ್ದರು.

ತಮ್ಮ ನಮ್ಮ ಸಭೆಯ ಗಾಯನ ತಂಡದಲ್ಲಿ ಹಾಡುತ್ತಿದ್ದ. ಅವನಿಲ್ಲದ ಮೊದಲ ಭಾನುವಾರ ನನ್ನ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಏನೂ ಹೇಳದೆ ತಮ್ಮ ಹಾಡಿನ ಪುಸ್ತಕವನ್ನು ನನ್ನ ಕಡೆಗೂ ಸರಿಸಿ ಹಿಡಿದು ತಾವು ಹಾಡಿದರು. ಹಲವು ವಾರ ಹಾಗೆಯೇ ನಡೆಯಿತು. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಕೆಟ್ಟದ್ದೆಲ್ಲ ಬಾಯಿ ತೆರೆದ ಮೇಲೆ ಆದದ್ದು. ಆ ಅಜ್ಜಿಗೆ ಅದು ಗೊತ್ತಿತ್ತು.

ಆದ್ದರಿಂದ ಆರಾಧನೆಗೆ ಹೋಗುವುದನ್ನು ಬಿಡಬೇಡಿ, ಹಿಂದಿನ ಬೆಂಚಿನಲ್ಲಿ ಕುಳಿತರೂ ಸರಿ. ನಿಮಗೆ ಹಾಡಲಾಗದಿದ್ದರೆ ಉಳಿದವರು ಹಾಡಲಿ. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತೋಚದಾಗ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿದೆ. ಊಟ, ನಿದ್ದೆ ವಾರಗಟ್ಟಲೆ ಕೆಟ್ಟರೆ ವೈದ್ಯರನ್ನು ಕಾಣಿರಿ, ಅದು ಅಪನಂಬಿಕೆಯಲ್ಲ.

ನೋವು ಹೋಯಿತೇ ಎಂದರೆ, ಇಲ್ಲ. ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ನಾವು ಸಮಾಧಿಯ ಬಳಿ ಹೋಗಿ ಮೇಣದ ಬತ್ತಿ ಹಚ್ಚುತ್ತೇವೆ. ತಮ್ಮನ ಮಗಳು ಈಗ ನನ್ನಷ್ಟೇ ಎತ್ತರವಾಗಿದ್ದಾಳೆ, ಅಪ್ಪನ ಹಾಗೆಯೇ ಕಣ್ಣು ಮುಚ್ಚಿಕೊಂಡು ಹಾಡುತ್ತಾಳೆ. ನಾನೂ ಅಲ್ಲಿ ಹಾಡುತ್ತೇನೆ, ಅಳುತ್ತೇನೆ, ಎರಡೂ ಒಟ್ಟಿಗೇ. ಈ ಭಾನುವಾರ ನಿಮಗಾಗಿ ಪ್ರಾರ್ಥಿಸುತ್ತೇನೆ.