ಒಕ್ಲಹೋಮ ಸಿಟಿಯ ನಡುಪೇಟೆ ಮತ್ತೆ ಎದ್ದುನಿಂತ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಮಗಳು, ಅಳಿಯ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ನೆಲೆಸಿದ್ದಾರೆ. ಅಲ್ಲಿಗೆ ಹೋದಾಗಲೆಲ್ಲ ಊರಿನ ನಡುಭಾಗದಲ್ಲಿ ಏನಾದರೊಂದು ಹೊಸ ಕಾಮಗಾರಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಮನೆಯಲ್ಲಿದ್ದುಕೊಂಡೇ ಆ ಬೆಳವಣಿಗೆಯನ್ನು ಗಮನಿಸುತ್ತಿರಬೇಕೆಂಬ ಆಸೆ ಹುಟ್ಟಿದೆ. ಘೋಷಣೆಯಾದವುಗಳಲ್ಲಿ ಯಾವುದು ನಿಜಕ್ಕೂ ಮೇಲೇಳುತ್ತದೆ ಎಂದು ತಿಳಿಯುವುದು ಹೇಗೆ?
– ಓದುಗರು, ಜಯನಗರ

ಉತ್ತರ: ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ಟೆಂಡರ್, ಕಾರ್ಯಾದೇಶ ಎಂಬ ಮೆಟ್ಟಿಲುಗಳನ್ನು ಜೀವನವಿಡೀ ಹತ್ತಿಳಿದವರಿಗೆ ಈ ಕೆಲಸ ಕಷ್ಟವಾಗದು. ಅಮೆರಿಕದಲ್ಲೂ ಮೆಟ್ಟಿಲುಗಳು ಹೆಚ್ಚು ಕಡಿಮೆ ಇವೇ. ಪತ್ರಿಕೆಗಳಲ್ಲಿ ಅಚ್ಚಾಗುವ ಬಣ್ಣಬಣ್ಣದ ಚಿತ್ರಗಳನ್ನು ಬದಿಗಿಟ್ಟು, ಕಟ್ಟಡಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಿ. ಹಣದ ಮೂಲ ಸ್ಪಷ್ಟವಾಗಿರುವ ಯೋಜನೆ ತಡವಾದರೂ ಆಗುತ್ತದೆ, ಅದು ಸ್ಪಷ್ಟವಾಗಿಲ್ಲದ್ದು ಎಷ್ಟೇ ಚೆಂದವಿದ್ದರೂ ಕಾಗದದ ಮೇಲೆಯೇ ಉಳಿಯುತ್ತದೆ. ಒಕ್ಲಹೋಮ ಸಿಟಿಯ ಕಳೆದ ಮೂವತ್ತು ವರ್ಷಗಳ ಇತಿಹಾಸವೇ ಇದಕ್ಕೆ ಸಾಕ್ಷಿ.

2020ರ ಜನಗಣತಿಯಂತೆ ಈ ಊರಿನ ಜನಸಂಖ್ಯೆ ಸುಮಾರು 6.8 ಲಕ್ಷ. ವಿಸ್ತೀರ್ಣ ಮಾತ್ರ 1,600 ಚದರ ಕಿಲೋಮೀಟರಿನಷ್ಟು, ಅಂದರೆ ನಮ್ಮ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಾಗಿದ್ದ ಪ್ರದೇಶದ ಎರಡು ಪಟ್ಟಿಗೂ ಮಿಗಿಲು. ಜನ ಹೀಗೆ ದೂರದೂರ ಹರಡಿಕೊಂಡ ಊರಿನಲ್ಲಿ ನಡುಪೇಟೆ ಬಡವಾಗುವುದು ಸಹಜ. 1980ರ ದಶಕದಲ್ಲಿ ತೈಲದ ಬೆಲೆ ಕುಸಿದಾಗ ಉಳಿದಿದ್ದ ಉಸಿರೂ ಉಡುಗಿತು. 1982ರಲ್ಲಿ ಅಲ್ಲಿನ ಪೆನ್ ಸ್ಕ್ವೇರ್ ಬ್ಯಾಂಕ್ ಮುಳುಗಿದ್ದು ಇಡೀ ಅಮೆರಿಕದ ಬ್ಯಾಂಕಿಂಗ್ ವಲಯವನ್ನೇ ಅಲುಗಾಡಿಸಿತ್ತು. 1991ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ವಿಮಾನ ದುರಸ್ತಿ ಕೇಂದ್ರಕ್ಕೆ ಈ ಊರನ್ನು ಬಿಟ್ಟು ಇಂಡಿಯಾನಾಪೊಲಿಸ್ ನಗರವನ್ನು ಆರಿಸಿಕೊಂಡಿತು. ತೆರಿಗೆ ರಿಯಾಯಿತಿ ಕೊಡುವುದರಲ್ಲಿ ಒಕ್ಲಹೋಮ ಸಿಟಿ ಹಿಂದೆ ಬಿದ್ದಿರಲಿಲ್ಲ. ತಮ್ಮ ನೌಕರರು ಬಂದು ನೆಲೆಸಲು ಬಯಸುವಂಥ ಊರು ಇದಲ್ಲ ಎಂದು ಕಂಪನಿಯವರು ಭಾವಿಸಿದರು ಎಂಬ ಮಾತು ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಆ ಪೆಟ್ಟಿನ ನಂತರ ಅಂದಿನ ಮೇಯರ್ ರಾನ್ ನಾರಿಕ್ ಅವರ ಮುಂದಾಳತ್ವದಲ್ಲಿ ರೂಪುಗೊಂಡದ್ದೇ ‘ಮ್ಯಾಪ್ಸ್’ ಎಂಬ ಯೋಜನೆ. ಪ್ರತಿ ಡಾಲರ್ ಖರೀದಿಯ ಮೇಲೆ ಒಂದು ಸೆಂಟ್ ಹೆಚ್ಚುವರಿ ಮಾರಾಟ ತೆರಿಗೆ, ಅದಕ್ಕೊಂದು ಕೊನೆಯ ದಿನಾಂಕ, ಅದರಿಂದ ಕಟ್ಟಬೇಕಾದ ಒಂಬತ್ತು ಕಾಮಗಾರಿಗಳ ಪಟ್ಟಿ – ಇಷ್ಟನ್ನೂ ಒಟ್ಟಾಗಿ ಮತದಾರರ ಮುಂದಿಡಲಾಯಿತು. 1993ರ ಡಿಸೆಂಬರ್ 14ರಂದು ನಡೆದ ಮತದಾನದಲ್ಲಿ ನೂರಕ್ಕೆ ಸುಮಾರು 54 ಮಂದಿ ಒಪ್ಪಿಗೆ ಕೊಟ್ಟರು. ಅಂಥ ದೊಡ್ಡ ಬಹುಮತವೇನೂ ಅಲ್ಲ. ಸಾಲ ಮಾಡದೆ, ತೆರಿಗೆಯ ಹಣ ಕೈಗೆ ಬಂದಂತೆಲ್ಲ ಕಟ್ಟುವುದು ಎಂಬ ನಿಯಮವನ್ನು ನಗರಾಡಳಿತ ಪಾಲಿಸಿತು. ನಡುವೆ ಹಣ ಸಾಲದೆ ಬಂದಾಗ ತೆರಿಗೆಯನ್ನು ಆರು ತಿಂಗಳು ಮುಂದುವರಿಸಲು ಮತ್ತೆ ಜನರ ಬಳಿಗೇ ಹೋಗಬೇಕಾಯಿತು, ಜನ ಅದಕ್ಕೂ ಒಪ್ಪಿದರು. 1998ರಲ್ಲಿ ಬೇಸ್‌ಬಾಲ್ ಮೈದಾನ, 1999ರಲ್ಲಿ ಕಾಲುವೆ, 2002ರಲ್ಲಿ ಒಳಾಂಗಣ ಕ್ರೀಡಾಂಗಣ, 2004ರಲ್ಲಿ ಗ್ರಂಥಾಲಯ ತೆರೆದವು.

ಈ ಕಾಲುವೆಯನ್ನು ಮುಂದಿನ ಸಲ ಹೋದಾಗ ನಿಧಾನವಾಗಿ ನೋಡಿ. ಬ್ರಿಕ್‌ಟೌನ್ ಎಂಬುದು ರೈಲು ಹಳಿಯ ಪಕ್ಕದ ಇಟ್ಟಿಗೆ ಗೋದಾಮುಗಳ ಪ್ರದೇಶ. ಅಲ್ಲಿನ ಕ್ಯಾಲಿಫೋರ್ನಿಯಾ ರಸ್ತೆಯನ್ನೇ ಅಗೆದು, ರಸ್ತೆಯ ಮಟ್ಟಕ್ಕಿಂತ ಒಂದು ಅಂತಸ್ತು ಕೆಳಗೆ ನೀರು ಹರಿಸಿದ್ದಾರೆ. ಹೀಗಾಗಿ ಕತ್ತಲಲ್ಲಿದ್ದ ನೆಲಮಾಳಿಗೆಗಳಿಗೆ ಹೊಸ ಮುಂಬಾಗಿಲು ಸಿಕ್ಕಿತು. ಒಂದೇ ಕಟ್ಟಡಕ್ಕೆ ಮೇಲೆ ರಸ್ತೆಯ ಕಡೆಯಿಂದ ಒಂದು ಅಂಗಡಿ, ಕೆಳಗೆ ನೀರಿನ ದಂಡೆಯ ಕಡೆಯಿಂದ ಇನ್ನೊಂದು. ಹಳೆಯ ಗೋಡೆಯೊಂದನ್ನೂ ಕೆಡವದೆ ಬಾಡಿಗೆಗೆ ಕೊಡಬಹುದಾದ ಜಾಗವನ್ನು ಹೆಚ್ಚಿಸಿದ ಆ ಯುಕ್ತಿ ನನಗೆ ಆ ಊರಿನ ಯಾವ ಗೋಪುರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಮೊದಲ ಪಟ್ಟಿ ಮುಗಿದ ಮೇಲೆ ಜನ ಅದೇ ಕ್ರಮವನ್ನು ಮತ್ತೆ ಮತ್ತೆ ಒಪ್ಪಿದರು. 2001ರಲ್ಲಿ ಶಾಲೆಗಳಿಗಾಗಿ, 2009ರಲ್ಲಿ 77.7 ಕೋಟಿ ಡಾಲರಿನ ಮೂರನೆಯ ಸುತ್ತಿಗಾಗಿ, 2019ರಲ್ಲಿ 97.8 ಕೋಟಿ ಡಾಲರಿನ ನಾಲ್ಕನೆಯ ಸುತ್ತಿಗಾಗಿ ಮತ ಬಿತ್ತು. ನೀವು ನೋಡಿರಬಹುದಾದ 70 ಎಕರೆಯ ಸಿಸರ್‌ಟೇಲ್ ಉದ್ಯಾನ, ಟ್ರಾಮ್, ಸಮಾವೇಶ ಭವನ ಇವೆಲ್ಲ ಮೂರನೆಯ ಸುತ್ತಿನ ಫಲ. ಉದ್ಯಾನದ ಮೊದಲ ಭಾಗ ತೆರೆದದ್ದು 2019ರಲ್ಲಿ, ಎಂದರೆ ಮತದಾನವಾಗಿ ಹತ್ತು ವರ್ಷದ ಬಳಿಕ. ಈ ಅವಧಿಯನ್ನು ನೆನಪಿನಲ್ಲಿಡಿ. ಹಣ ಗ್ಯಾರಂಟಿಯಾಗಿರುವ ಸಾರ್ವಜನಿಕ ಕಾಮಗಾರಿಗೇ ಇಷ್ಟು ಕಾಲ ಹಿಡಿಯುವಾಗ, ಖಾಸಗಿಯವರು ಎರಡೇ ವರ್ಷದಲ್ಲಿ ಮುಗಿಸುತ್ತೇವೆ ಎಂದರೆ ಎಚ್ಚರದಿಂದ ಓದಬೇಕು.

ಇನ್ನು ಗಮನಿಸುವ ಕ್ರಮ. ಅಲ್ಲಿನ ನಗರಸಭೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಮಂಗಳವಾರ ಸೇರುತ್ತದೆ. ಕಾರ್ಯಸೂಚಿಯನ್ನು ಮುಂಚಿತವಾಗಿ ಪ್ರಕಟಿಸಲೇಬೇಕೆಂಬುದು ಆ ರಾಜ್ಯದ ಕಾನೂನು. ಕಾರ್ಯಸೂಚಿಯೊಂದಿಗೆ ಒಪ್ಪಂದಗಳ ಕರಡು, ನಕ್ಷೆ, ವೆಚ್ಚದ ವಿವರಗಳೂ ಇರುತ್ತವೆ. ನಡುಪೇಟೆಯ ಕಟ್ಟಡಗಳ ಹೊರರೂಪವನ್ನು ಪರಿಶೀಲಿಸಲು ಒಂದು ವಿನ್ಯಾಸ ಸಮಿತಿ ಇದೆ, ಬ್ರಿಕ್‌ಟೌನಿಗೆ ಪ್ರತ್ಯೇಕವಾಗಿ ಇನ್ನೊಂದು. ಕಟ್ಟಡ ಈ ಸಮಿತಿಯ ಮುಂದೆ ಬಂತೆಂದರೆ ಮಾಲೀಕರು ವಾಸ್ತುಶಿಲ್ಪಿಗೆ ಹಣ ಕೊಟ್ಟಿದ್ದಾರೆ ಎಂದರ್ಥ. ಬ್ಯಾಂಕು ಮಾಲೀಕರಿಗೆ ಸಾಲ ಕೊಟ್ಟಿದೆ ಎಂದಲ್ಲ. ಅದಾದ ಮೇಲೆ ಪಾಯದ ಪರವಾನಗಿ, ಬಳಿಕ ಪೂರ್ಣ ಕಟ್ಟಡದ ಪರವಾನಗಿ ಬಂದಿದೆಯೇ ಎಂದು ನೋಡಬೇಕು.

ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ದಾರಿಯಿದೆ. ಅಮೆರಿಕದಲ್ಲಿ 200 ಅಡಿಗಿಂತ ಎತ್ತರದ ಏನನ್ನೇ ನಿಲ್ಲಿಸಬೇಕಾದರೂ ಕೇಂದ್ರ ಸರ್ಕಾರದ ವಿಮಾನಯಾನ ಆಡಳಿತಕ್ಕೆ ಮುಂಚಿತವಾಗಿ ತಿಳಿಸಬೇಕು, ಆ ಅರ್ಜಿಗಳನ್ನು ಸಾರ್ವಜನಿಕರೂ ನೋಡಬಹುದು. ಕಟ್ಟಡಕ್ಕೆ ಸಲ್ಲುವ ಅರ್ಜಿ ಬೇರೆ, ಅದನ್ನು ಕಟ್ಟುವ ಟವರ್ ಕ್ರೇನಿಗೆ ಸಲ್ಲುವ ಅರ್ಜಿ ಬೇರೆ. ಕಟ್ಟಡದ ಅರ್ಜಿಯನ್ನು ಆಸೆಯಿಂದಲೂ ಹಾಕುವುದುಂಟು. ಕ್ರೇನ್ ಬಾಡಿಗೆಗೆ ಬರುವುದು ತಿಂಗಳ ಲೆಕ್ಕದಲ್ಲಿ, ಆದ್ದರಿಂದ ಅದರ ಅರ್ಜಿ ಬಂತೆಂದರೆ ಕೆಲಸ ಹತ್ತಿರ ಬಂದಿದೆ ಎಂದು ನಂಬಲು ಕಾರಣವಿದೆ.

ನಿಮ್ಮ ಎಂಜಿನಿಯರ್ ಕಣ್ಣಿಗೆ ವಿಚಿತ್ರವೆನಿಸುವ ಸಂಗತಿಯೊಂದನ್ನೂ ಹೇಳಿಬಿಡುತ್ತೇನೆ. ಅಲ್ಲಿನ ನಡುಪೇಟೆಗಳಲ್ಲಿ ಐದಾರು ಅಂತಸ್ತಿನ ವಸತಿ ಕಟ್ಟಡಗಳು ಹಲವೆಡೆ ಮರದವೇ. ಕೆಳಗಿನ ಒಂದು ಅಂತಸ್ತನ್ನು ಕಾಂಕ್ರೀಟಿನಲ್ಲಿ ಕಟ್ಟಿ, ಅದರ ಮೇಲೆ ನಾಲ್ಕೈದು ಅಂತಸ್ತುಗಳನ್ನು ಮರದ ಚೌಕಟ್ಟಿನಲ್ಲಿ ಏರಿಸುತ್ತಾರೆ. ಅಗ್ಗ, ಕೆಲಸವೂ ಬೇಗ. ನಮ್ಮಲ್ಲಿ ಪ್ರತಿ ಅಂತಸ್ತಿಗೂ ಸೆಂಟ್ರಿಂಗ್ ಹೊಡೆದು, ಮೋಲ್ಡ್ ಹಾಕಿ, ಕ್ಯೂರಿಂಗಿಗೆ ಕಾಯುವ ಲೆಕ್ಕ ಅಲ್ಲಿ ನಡೆಯದು. ಕಾಂಕ್ರೀಟಿನ ಮೇಜಿನಂಥ ಆ ಕೆಳ ಅಂತಸ್ತು ಮುಗಿದ ಕೆಲವೇ ತಿಂಗಳಲ್ಲಿ ಇಡೀ ಕಟ್ಟಡದ ಆಕಾರ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ನಮ್ಮದು ಅವೆನ್ಯೂ ರಸ್ತೆಯಲ್ಲಿ ತಾತನ ಕಾಲದಿಂದ ಬಂದ ಅಂಗಡಿ. ಪೇಟೆಯನ್ನು ‘ಅಭಿವೃದ್ಧಿ’ ಮಾಡುತ್ತೇವೆ ಎಂಬ ಮಾತು ಕೇಳಿದರೆ ಎದೆ ನಡುಗುತ್ತದೆ. ಅಮೆರಿಕದಲ್ಲಿ ಹಳೆಯ ಪೇಟೆಯ ವ್ಯಾಪಾರಿಗಳ ಗತಿ ಏನಾಯಿತು?
– ಓದುಗರು, ಚಿಕ್ಕಪೇಟೆ

ಉತ್ತರ: ನಿಮ್ಮ ಅಂಜಿಕೆಗೆ ಆಧಾರವಿದೆ, ಅದನ್ನು ಹಗುರ ಮಾಡಿ ಹೇಳಲಾರೆ. ಮೇಲೆ ವಿವರಿಸಿದ ಒಕ್ಲಹೋಮ ಸಿಟಿಯೇ 1964ರಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಐ. ಎಂ. ಪೈ ಅವರಿಂದ ನಡುಪೇಟೆಗೆ ಒಂದು ಮಹಾಯೋಜನೆಯನ್ನು ಮಾಡಿಸಿತ್ತು. ಅದರ ಹೆಸರಿನಲ್ಲಿ ನೂರಾರು ಕಟ್ಟಡಗಳು ನೆಲಕ್ಕುರುಳಿದವು. ಕ್ರೈಟೀರಿಯನ್ ಎಂಬ ಅಂದವಾದ ಚಿತ್ರಮಂದಿರ 1973ರಲ್ಲಿ ಹೋಯಿತು. 1932ರಲ್ಲಿ ಕಟ್ಟಿದ ಬಿಲ್ಟ್‌ಮೋರ್ ಹೋಟೆಲನ್ನು 1977ರಲ್ಲಿ ಸ್ಫೋಟಕವಿಟ್ಟು ಉರುಳಿಸಿದರು. ಅಂಗಡಿಗಳನ್ನು ತೆರವು ಮಾಡಿದ ಜಾಗದಲ್ಲಿ ಬರಬೇಕಾಗಿದ್ದ ದೊಡ್ಡ ಮಾಲ್ ಬರಲೇ ಇಲ್ಲ. ವಾಹನ ನಿಲುಗಡೆಯ ಜಾಗ ಮಾತ್ರ ಬಂತು. ಕೆಡವಲು ಕೇಂದ್ರ ಸರ್ಕಾರದ ಹಣ ಸಿಕ್ಕಿತ್ತು, ಕಟ್ಟಬೇಕಾದವರು ಖಾಸಗಿಯವರು, ಅವರು ಬರುವಷ್ಟರಲ್ಲಿ ಗಿರಾಕಿಗಳು ಹೊರವಲಯದ ಮಾಲ್‌ಗಳಿಗೆ ಒಗ್ಗಿಹೋಗಿದ್ದರು. ಕೆಡವುವ ಹಣ ಮೊದಲು, ಕಟ್ಟುವ ಹಣ ಆಮೇಲೆ ಎಂಬ ಏರ್ಪಾಡು ಎಲ್ಲಿ ಕಂಡರೂ ವ್ಯಾಪಾರಿಗಳು ಒಟ್ಟಾಗಿ ತಕರಾರು ಎತ್ತಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ನಷ್ಟ ಇದಕ್ಕಿಂತ ಆಳವಾದದ್ದು. ನಡುಪೇಟೆಗೆ ಅಂಟಿಕೊಂಡಿದ್ದ ಡೀಪ್ ಡ್ಯೂಸ್ ಎಂಬ ಕೇರಿ ಕಪ್ಪು ಜನರ ವ್ಯಾಪಾರಕ್ಕೂ ಜಾಜ್ ಸಂಗೀತಕ್ಕೂ ಹೆಸರಾಗಿತ್ತು. ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಬೆಳೆದದ್ದು ಅಲ್ಲಿನ ವಾತಾವರಣದಲ್ಲೇ. ತೆರವು ಕಾರ್ಯಾಚರಣೆ ಮತ್ತು ಹೆದ್ದಾರಿ ಸೇರಿ ಆ ಕೇರಿಯನ್ನು ಬರಿದು ಮಾಡಿದವು. ಇಂದು ಅಲ್ಲಿ ಒಳ್ಳೆಯ ಬಾಡಿಗೆ ಮನೆಗಳಿವೆ, ಸಂಜೆಯ ಹೊತ್ತು ಜನಸಂಚಾರವಿದೆ, ಹಳೆಯ ಹೆಸರನ್ನೂ ಉಳಿಸಿಕೊಂಡಿದ್ದಾರೆ. ಅಂದಿನ ಕುಟುಂಬಗಳು ಮತ್ತು ಅವರ ಅಂಗಡಿಗಳು ಮಾತ್ರ ಹಿಂತಿರುಗಲಿಲ್ಲ.

ನಮ್ಮ ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲುಹಾಸಿನೊಂದಿಗೆ ಮತ್ತೆ ತೆರೆದಾಗ ಕಟ್ಟಡಗಳನ್ನು ಮುಟ್ಟದೆ ರಸ್ತೆಯನ್ನಷ್ಟೇ ಸರಿಪಡಿಸಿದ್ದರು. ಅಷ್ಟಕ್ಕೇ ಅಲ್ಲಿನ ನಡಿಗೆ ಬದಲಾಯಿತು. ನಿಮ್ಮ ರಸ್ತೆಗೆ ಯಾವುದೇ ಯೋಜನೆ ಬಂದಾಗ, ಅಂಗಡಿ ಮುಚ್ಚಬೇಕಾದ ಅವಧಿ ಎಷ್ಟು, ಸರಕು ಇಳಿಸುವ ಜಾಗ ಎಲ್ಲಿ, ಬಾಡಿಗೆದಾರನಿಗೆ ಮರಳುವ ಹಕ್ಕು ಇದೆಯೇ ಎಂಬ ಮೂರನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಪ್ರಶ್ನೆ: ಅಲ್ಲಿನ ದೊಡ್ಡ ಕಂಪನಿಗಳು ತಮ್ಮ ಗೋಪುರಗಳಿಗೆ ತೆರಿಗೆಯ ನೆರವು ಪಡೆಯುತ್ತವೆ ಎಂದು ಓದಿದ್ದೇನೆ. ಇದು ಹೇಗೆ ನಡೆಯುತ್ತದೆ? ಇದು ನ್ಯಾಯವೇ?
– ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಒಂದು ಪ್ರದೇಶದ ಆಸ್ತಿ ಮೌಲ್ಯವನ್ನು ಇಂದಿನ ಮಟ್ಟದಲ್ಲಿ ಗುರುತು ಹಾಕಿಡುತ್ತಾರೆ. ಮುಂದೆ ಅಲ್ಲಿ ಕಟ್ಟಡ ಎದ್ದು ಮೌಲ್ಯ ಏರಿದಾಗ, ಏರಿಕೆಯಿಂದ ಬರುವ ಆಸ್ತಿ ತೆರಿಗೆಯನ್ನು ಮಾತ್ರ ನಿಗದಿತ ವರ್ಷಗಳವರೆಗೆ ಪ್ರತ್ಯೇಕ ನಿಧಿಗೆ ಹಾಕಿ ಅದೇ ಪ್ರದೇಶಕ್ಕೆ ಖರ್ಚು ಮಾಡುತ್ತಾರೆ. ಒಕ್ಲಹೋಮದಲ್ಲಿ ಈ ಅವಧಿ 25 ವರ್ಷಗಳವರೆಗೂ ಹೋಗಬಹುದು. 2012ರಲ್ಲಿ ಪೂರ್ಣಗೊಂಡ, 50 ಅಂತಸ್ತಿನ, 844 ಅಡಿ ಎತ್ತರದ ಡೆವನ್ ಗೋಪುರದಿಂದ ಬಂದ ಇಂಥ ಹಣ ನಡುಪೇಟೆಯ 180 ಎಕರೆಯ ರಸ್ತೆ, ಪಾದಚಾರಿ ಮಾರ್ಗ ಮತ್ತು ಉದ್ಯಾನಗಳನ್ನು ಹೊಸದು ಮಾಡಲು ಬಳಕೆಯಾಯಿತು. ಇದನ್ನು ಒಳ್ಳೆಯ ಬಳಕೆ ಎಂದು ನಾನು ಒಪ್ಪುತ್ತೇನೆ, ಏಕೆಂದರೆ ಆ ಕಾಲುದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ಅದೇ ಹಣ ಖಾಸಗಿ ಕಟ್ಟಡದ ಒಳಗಿನ ವೆಚ್ಚಕ್ಕೆ ಹೋದರೆ ಪ್ರಶ್ನಿಸಲೇಬೇಕು, ಏಕೆಂದರೆ ಶಾಲೆಗಳಿಗೆ ಸೇರಬೇಕಾಗಿದ್ದ ತೆರಿಗೆಯ ಪಾಲೂ ಅದರಲ್ಲಿ ಇರುತ್ತದೆ.

ಮಾರಾಟ ತೆರಿಗೆಯ ವಿಷಯದಲ್ಲೂ ನ್ಯಾಯದ ಪ್ರಶ್ನೆ ಉಂಟು. ಬಡವರು ಆದಾಯದ ಬಹುಪಾಲನ್ನು ದಿನಬಳಕೆಯ ವಸ್ತುಗಳಿಗೇ ಖರ್ಚು ಮಾಡುವುದರಿಂದ ಒಂದು ಸೆಂಟಿನ ಭಾರ ಅವರ ಮೇಲೆಯೇ ಹೆಚ್ಚು. ಆ ರಾಜ್ಯದ ನಗರಾಡಳಿತಗಳು ದಿನನಿತ್ಯದ ವೆಚ್ಚಕ್ಕೂ ಮುಖ್ಯವಾಗಿ ಮಾರಾಟ ತೆರಿಗೆಯನ್ನೇ ನೆಚ್ಚಿಕೊಂಡಿರುವುದರಿಂದ ಬೇರೆ ದಾರಿ ಹುಡುಕುವುದು ಸುಲಭವಲ್ಲ. 2019ರ ಪಟ್ಟಿಯಲ್ಲಿ ಬಡಾವಣೆಗಳ ಅಗತ್ಯ, ಮಾನಸಿಕ ಆರೋಗ್ಯ, ಮನೆಯಿಲ್ಲದವರಿಗೆ ವಸತಿ ಮುಂತಾದವಕ್ಕೆ ದೊಡ್ಡ ಪಾಲು ಸಿಕ್ಕಿದ್ದಕ್ಕೆ ಈ ಟೀಕೆಯೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. 2023ರ ಡಿಸೆಂಬರಿನಲ್ಲಿ ಮಾತ್ರ ಕನಿಷ್ಠ 90 ಕೋಟಿ ಡಾಲರಿನ ಹೊಸ ಬಾಸ್ಕೆಟ್‌ಬಾಲ್ ಕ್ರೀಡಾಂಗಣಕ್ಕೆ ನೂರಕ್ಕೆ 71 ಮತ ಬಿತ್ತು. ತಂಡದ ಮಾಲೀಕರ ಪಾಲು 5 ಕೋಟಿ ಡಾಲರ್. ತಂಡ ಊರಿನಲ್ಲೇ ಉಳಿಯುತ್ತದೆ ಎಂಬ ಭರವಸೆಗೆ ಇದು ತೀರ ದುಬಾರಿ ಬೆಲೆಯೆಂದೇ ನನಗೆ ತೋರುತ್ತದೆ. ಆದರೂ ಆ ಬೆಲೆಯನ್ನು ಮತಪತ್ರದ ಮೂಲಕ ಒಪ್ಪಿದವರು ಅದನ್ನು ತೆರುವವರೇ ಎಂಬುದನ್ನು ಮರೆಯಬಾರದು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಕಾಣದ ಬೆಂಗಳೂರಿನ ನಮಗೆ ಇದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ಅಮೆರಿಕದ ಅತಿ ಎತ್ತರದ ಗೋಪುರ ಒಕ್ಲಹೋಮ ಸಿಟಿಯಲ್ಲೇ ಬರುತ್ತದೆಯಂತೆ, ನಿಜವೇ?
– ಓದುಗರು, ಯಲಹಂಕ

ಉತ್ತರ: ಪ್ರಸ್ತಾವ ನಿಜ. ಆ ರಾಜ್ಯ ಒಕ್ಕೂಟಕ್ಕೆ ಸೇರಿದ ವರ್ಷ 1907. ಅದನ್ನು ನೆನಪಿಸುವಂತೆ 1,907 ಅಡಿ ಎತ್ತರದ ಗೋಪುರವನ್ನು ಬ್ರಿಕ್‌ಟೌನಿನಲ್ಲಿ ಕಟ್ಟುವ ಯೋಜನೆಯನ್ನು ಖಾಸಗಿಯವರು ಮುಂದಿಟ್ಟರು. ನ್ಯೂಯಾರ್ಕಿನ ಒನ್ ವರ್ಲ್ಡ್ ಟ್ರೇಡ್ ಸೆಂಟರಿನ ಎತ್ತರ 1,776 ಅಡಿ. ಎತ್ತರದ ಮಿತಿಯನ್ನು ತೆಗೆದುಹಾಕಲು ನಗರಸಭೆ 2024ರಲ್ಲಿ ಒಪ್ಪಿತು, ಅದರಾಚೆಗೆ ಆ ಒಪ್ಪಿಗೆಗೆ ಅರ್ಥವಿಲ್ಲ. ನಗರಸಭೆ ಅನುಮತಿ ಕೊಟ್ಟಿದೆಯೇ ಹೊರತು ಹಣ ಕೊಟ್ಟಿಲ್ಲ. ಅದೇ ಯೋಜನೆಯಲ್ಲಿ ಇದಕ್ಕಿಂತ ಬಹಳ ಚಿಕ್ಕ ಗೋಪುರಗಳೂ ಇವೆ. ಅವುಗಳ ಪಾಯ ಬಿದ್ದು, ಮನೆಗಳು ಬಾಡಿಗೆಗೆ ಹೋಗಿ, ಹೋಟೆಲ್ ಕೋಣೆಗಳು ತುಂಬುವವರೆಗೆ ದೊಡ್ಡ ಗೋಪುರಕ್ಕೆ ಸಾಲ ಕೊಡಲು ಯಾವ ಬ್ಯಾಂಕೂ ಮುಂದೆ ಬರುವುದು ಕಷ್ಟ. ಆದ್ದರಿಂದ ಸದ್ಯಕ್ಕೆ ಚಿಕ್ಕ ಗೋಪುರಗಳ ಸುದ್ದಿಯನ್ನು ಗಮನಿಸಿ.